ಉಸಿರು ನಿಮ್ಮದು, ಟಾರ್ಗೆಟ್ ನಮ್ಮದು

2021ರ ಮೇ ತಿಂಗಳಲ್ಲಿ ಅಮೆಜಾನ್ ಕಂಪನಿ ತನ್ನ ಗೋದಾಮುಗಳಿಗೆಂದು ಮಾಡಿಸಿದ ಒಂದು ಪೆಟ್ಟಿಗೆಯನ್ನು ಟ್ವಿಟರ್‌ನಲ್ಲಿ ಲೋಕಕ್ಕೆಲ್ಲ ತೋರಿಸಿತು. ಹೆಸರು ‘ಅಮಾಝೆನ್’. ಒಬ್ಬರು ಹೊಕ್ಕು ಬಾಗಿಲು ಹಾಕಿಕೊಳ್ಳುವಷ್ಟು ಜಾಗ. ಒಳಗೊಂದು ಕಂಪ್ಯೂಟರ್, ಪುಟ್ಟ ಫ್ಯಾನು, ಒಂದೆರಡು ಗಿಡ. ಪಾಳಿಯ ನಡುವೆ ಕಾರ್ಮಿಕ ಅದರೊಳಗೆ ಹೋಗಿ, ಧ್ಯಾನದ ವಿಡಿಯೋ ನೋಡಿ, ಮನಸ್ಸು ತೊಳೆದುಕೊಂಡು, ಮತ್ತೆ ಪಾರ್ಸೆಲ್ ಎತ್ತಲು ಬರಬೇಕು. ಅದರ ಹಿಂದಿನ ತಿಂಗಳಷ್ಟೇ ಇದೇ ಕಂಪನಿ, ತನ್ನ ಡೆಲಿವರಿ ಚಾಲಕರಿಗೆ ದಾರಿಯಲ್ಲಿ ಶೌಚಾಲಯ ಸಿಗುವುದು ಕಷ್ಟವಾಗುತ್ತಿದೆ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತ್ತು. ದೇಹಬಾಧೆ ತೀರಿಸಿಕೊಳ್ಳಲು ಜಾಗವಿಲ್ಲದ ಕಡೆ ಭವಬಾಧೆಗೆ ಕೋಣೆ ಎದ್ದದ್ದು ಹೀಗೆ. ಜನ ಎಷ್ಟು ಲೇವಡಿ ಮಾಡಿದರೆಂದರೆ ಕಂಪನಿ ಆ ಟ್ವೀಟನ್ನೇ ಅಳಿಸಿಹಾಕಿತು.

ನಮ್ಮ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಗಳು ಇಷ್ಟು ಒರಟಲ್ಲ. ಪೆಟ್ಟಿಗೆ ಕಟ್ಟಿಸುವುದಿಲ್ಲ, ಮೇಲ್ ಕಳಿಸುತ್ತವೆ. ಬುಧವಾರ ಮಧ್ಯಾಹ್ನ ಒಂದೂವರೆಗೆ, ಅಂದರೆ ಊಟದ ಹೊತ್ತಿಗೆ ಸರಿಯಾಗಿ, ಮೈಂಡ್‌ಫುಲ್‌ನೆಸ್ ಸೆಷನ್. ಹಾಜರಾತಿ ಐಚ್ಛಿಕ, ಆದರೆ ಮ್ಯಾನೇಜರ್ ಬರುತ್ತಾರೆ. ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ, ಉಸಿರಿನ ಮೇಲೆ ಗಮನ. ಲ್ಯಾಪ್‌ಟಾಪ್ ಮಾತ್ರ ಮುಚ್ಚಬೇಡಿ, ಕ್ಲೈಂಟ್ ಕರೆಯಬಹುದು.

ಈ ವಿದ್ಯೆಗೆ ಆಸ್ಪತ್ರೆಯ ಹಿನ್ನೆಲೆಯಿದೆ, ಅದನ್ನು ಗೇಲಿ ಮಾಡುವ ಧೈರ್ಯ ನನಗಿಲ್ಲ. 1979ರಲ್ಲಿ ಜಾನ್ ಕಬತ್-ಜಿನ್ ಎಂಬವರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಕೆಲವು ವಾರಗಳ ಶಿಬಿರ ಶುರು ಮಾಡಿದರು. ಬಂದವರಲ್ಲಿ ಬಹಳ ಮಂದಿ ವರ್ಷಗಟ್ಟಲೆ ನೋವು ತಿಂದು, ಡಾಕ್ಟರುಗಳು ಕೈಚೆಲ್ಲಿದ ಮೇಲೆ ಬಂದವರು. ಹೋಗದ ನೋವಿನ ಜತೆ ಸಂಸಾರ ಮಾಡುವುದು ಹೇಗೆಂದು ಅಲ್ಲಿ ಕಲಿಸುತ್ತಿದ್ದರು. ಒಂದು ಒಣದ್ರಾಕ್ಷಿಯನ್ನು ಅಂಗೈಯಲ್ಲಿಟ್ಟುಕೊಂಡು, ಅದರ ಸುಕ್ಕು ನೋಡಿ, ಮೂಸಿ, ನಾಲಿಗೆಯ ಮೇಲಿಟ್ಟು, ಆಮೇಲೆ ನಿಧಾನಕ್ಕೆ ಅಗಿಯುವ ಪ್ರಸಿದ್ಧ ಪಾಠವೂ ಅಲ್ಲಿಂದಲೇ ಬಂತು. (ವಿಜಯಪುರದ ಬೆಳೆಗಾರ ದ್ರಾಕ್ಷಿ ಒಣಗಲು ಹಾಕಿದ ದಿನಗಳಲ್ಲಿ ಒಂದೊಂದು ಮೋಡವನ್ನೂ ಇದಕ್ಕಿಂತ ಏಕಾಗ್ರತೆಯಿಂದ ನೋಡುತ್ತಾನೆ. ಅವನಿಗೆ ಯಾರೂ ಸರ್ಟಿಫಿಕೇಟ್ ಕೊಟ್ಟಿಲ್ಲ.)

ಕಂಪನಿಗಳು ಕೈಚಳಕ ತೋರಿಸಿರುವುದು ಇಲ್ಲಿ. ಬೆನ್ನುಹುರಿಯ ನೋವಿಗೆ ಮದ್ದಿಲ್ಲದಿರಬಹುದು. ರಾತ್ರಿ ಹನ್ನೊಂದರ ಕಾಲ್‌ಗೆ ಇದೆ. ಅದನ್ನು ಬೆಳಗ್ಗೆ ಹತ್ತಕ್ಕೆ ಇಟ್ಟುಕೊಂಡರಾಯಿತು. ಮೂವರ ಕೆಲಸ ಒಬ್ಬನ ತಲೆಗೆ ಬಿದ್ದಿದ್ದರೆ ಇನ್ನಿಬ್ಬರನ್ನು ತೆಗೆದುಕೊಂಡರಾಯಿತು. ಆದರೆ ಮದ್ದಿಗೆ ಖರ್ಚಿದೆ, ಉಸಿರಾಟ ಅಗ್ಗ. ಹಾಗಾಗಿ ವಾಸಿಯಾಗುವ ಕಾಯಿಲೆಯನ್ನು ವಾಸಿಯಾಗದ ಪಟ್ಟಿಗೆ ಸೇರಿಸಿ, ಅದರೊಂದಿಗೆ ಬದುಕುವ ಕಲೆಯನ್ನು ಉದ್ಯೋಗಿಗೆ ಕಲಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹಳೇ ಪದ್ಧತಿ. ಬರೆಯ ಬಿಸಿಯನ್ನು ಸರಿ-ತಪ್ಪೆನ್ನದೆ ಸುಮ್ಮನೆ ಗಮನಿಸುವುದು ಹೇಗೆಂದು ಎಮ್ಮೆಗೆ ತರಬೇತಿ ಕೊಡುವುದು ಹೊಸದು.

ಹೊರಗಡೆ ಹಿರಿಯರು ಬೇರೆಯದೇ ಉಪದೇಶ ಮಾಡುತ್ತಿದ್ದಾರೆ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರ ಜುಲೈನಲ್ಲಿ, ಐಟಿಯವರನ್ನು ದಿನಕ್ಕೆ 12 ಗಂಟೆಗೂ ಮೀರಿ ದುಡಿಸಲು ದಾರಿ ಮಾಡುವ ಪ್ರಸ್ತಾಪ ನಮ್ಮ ರಾಜ್ಯ ಸರ್ಕಾರದ ಮುಂದೆಯೇ ಬಂದು, ನೌಕರರ ಸಂಘ ಬೀದಿಗಿಳಿಯಿತು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಮಾತಿನ ವಿಡಿಯೋ ಹರಿದಾಡಿತು: 90 ಗಂಟೆ, ಭಾನುವಾರವೂ ಸೇರಿ. ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ತಾನೇ ನೋಡುತ್ತೀರಿ ಎಂಬುದು ಅವರ ತರ್ಕ.

ಉದ್ಯೋಗಿಯ ಪಾಡು ನೋಡಿ. ಒಣದ್ರಾಕ್ಷಿಯನ್ನು ಹತ್ತು ನಿಮಿಷ ಕಣ್ಣು ಮಿಟುಕಿಸದೆ ನೋಡಿದರೆ ಅದು ಸಾಧನೆ. ಹೆಂಡತಿಯ ಮುಖ ನೋಡಿದರೆ ದೇಶಕ್ಕೆ ನಷ್ಟ.

ಲೆಕ್ಕ ಹಾಕೋಣ. ವಾರಕ್ಕೆ 168 ಗಂಟೆ. 90 ಕಂಪನಿಗೆ. ದಿನಕ್ಕೆ ಏಳು ಗಂಟೆ ನಿದ್ದೆ ಎಂದರೆ 49. ಸಿಲ್ಕ್‌ಬೋರ್ಡ್ ದಾಟುವವರಿಗೆ ರಿಯಾಯಿತಿ ಕೊಟ್ಟು ಓಡಾಟಕ್ಕೆ ದಿನಕ್ಕೆರಡೇ ಗಂಟೆ ಹಿಡಿದರೂ 14. ಉಳಿದದ್ದು 15, ಅಂದರೆ ದಿನಕ್ಕೆ ಎರಡು ಗಂಟೆ ಚಿಲ್ಲರೆ. ಅದರಲ್ಲಿ ಸ್ನಾನ, ತಿಂಡಿ, ಊಟ, ಮಗುವಿನ ಹೋಂವರ್ಕ್, ಅಮ್ಮನ ಬಿಪಿ ಮಾತ್ರೆ, ಅಪಾರ್ಟ್‌ಮೆಂಟಿನ ನೀರಿನ ಜಗಳ. ಇದೆಲ್ಲವನ್ನೂ ಗಡಿಬಿಡಿಯಿಲ್ಲದೆ, ಪ್ರತಿ ಕ್ಷಣದಲ್ಲಿ ಪೂರ್ತಿ ಹಾಜರಿದ್ದು ಮಾಡಿದರೆ ಬದುಕಿಗೆ ಸಮತೋಲನ ಬರುತ್ತದಂತೆ. ಪಾತ್ರೆ ತೊಳೆಯುವುದೂ ಧ್ಯಾನವೇ ಎಂದು ಮೈಂಡ್‌ಫುಲ್‌ನೆಸ್ ಆ್ಯಪಿನ ಹೆಣ್ಣುದನಿ ಹೇಳುತ್ತದೆ. ಆ ಧ್ಯಾನಕ್ಕೆ ಅಪಾರ್ಟ್‌ಮೆಂಟಿನವರು ಬೆಳಗ್ಗೆ ಎಂಟಕ್ಕೆ ಒಬ್ಬಾಕೆಯನ್ನು ಇಟ್ಟುಕೊಂಡಿದ್ದಾರೆ. ಆಕೆ ದಿನಕ್ಕೆ ಐದು ಮನೆ ಧ್ಯಾನ ಮಾಡುತ್ತಾಳೆ. ಆರೋಗ್ಯ ಮಾತ್ರ ಸುಧಾರಿಸಿದಂತಿಲ್ಲ, ಸೊಂಟ ಹಿಡಿದಿದೆ.

ಈ ಧ್ಯಾನವಿದ್ಯೆಯ ಮೂಲಪುರುಷ ಬುದ್ಧ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರನ್ನೇ ಕಾಪಾಡಿಕೊಂಡ ನಾಡಿಗೆ ಬುದ್ಧ ಕ್ಯಾಲಿಫೋರ್ನಿಯಾದಿಂದ ಆಮದಾಗಿ ಬರುತ್ತಿದ್ದಾನೆ ಎಂಬುದು ಇರಲಿ. 2007ರಲ್ಲಿ ಗೂಗಲ್‌ನ ಎಂಜಿನಿಯರ್ ಚೇಡ್-ಮೆಂಗ್ ಟ್ಯಾನ್ ತಮ್ಮ ಕಂಪನಿಯಲ್ಲೇ ಧ್ಯಾನದ ತರಗತಿ ತೆರೆದ ಮೇಲೆ ಆ ಆಮದಿಗೆ ವೇಗ ಬಂತು. ಬುದ್ಧನ ಅಷ್ಟಾಂಗ ಮಾರ್ಗದಲ್ಲಿ ಏಳನೆಯದು ಸಮ್ಯಕ್ ಸ್ಮೃತಿ, ಅದೇ ಇಂಗ್ಲಿಷಿನ ಮೈಂಡ್‌ಫುಲ್‌ನೆಸ್. ಕಂಪನಿಗಳು ಕೊಂಡಿದ್ದು ಆ ಒಂದು ಬಿಡಿಭಾಗವನ್ನು. ಐದನೆಯದು ಸಮ್ಯಕ್ ಆಜೀವ: ನಿನ್ನ ಅನ್ನ ಎಲ್ಲಿಂದ ಬರುತ್ತಿದೆ, ಅದಕ್ಕಾಗಿ ಯಾರು ನೋಯುತ್ತಿದ್ದಾರೆ ಎಂದು ಕೇಳುವ ಅಂಗ. ಮಾಡಬಾರದ ವ್ಯಾಪಾರಗಳ ಪಟ್ಟಿಯನ್ನೇ ಬುದ್ಧ ಕೊಟ್ಟಿದ್ದಾನೆ, ಅದರಲ್ಲಿ ಆಯುಧವೂ ಇದೆ. ಅಮೆರಿಕದ ಮರೀನ್ ಸೈನಿಕರಿಗೆ ಯುದ್ಧಕ್ಕೆ ಮುಂಚೆ ಮೈಂಡ್‌ಫುಲ್‌ನೆಸ್ ಹೇಳಿಕೊಟ್ಟವರಿಗೆ ಆ ಪುಟ ಅಂಟಿಕೊಂಡಿತ್ತೇನೋ. ಮಾಡಿದರೆ ನೆಟ್ಟಗೆ ಮಾಡೋಣ ಎನ್ನುವವರಿಗೆ ಗೋಯೆಂಕಾ ಪರಂಪರೆಯ ವಿಪಶ್ಯನ ಕೇಂದ್ರಗಳು ಬೆಂಗಳೂರಿನ ಹೊರವಲಯದಲ್ಲೂ ಇವೆ: ಹತ್ತು ದಿನ, ಶುಲ್ಕವಿಲ್ಲ, ಮಾತಿಲ್ಲ, ಫೋನ್ ಬಾಗಿಲಲ್ಲೇ ಒಪ್ಪಿಸಬೇಕು. ಅದಕ್ಕೆ ರಜೆ ಕೇಳಿ ನೋಡಿ. ಅದೇ ಮ್ಯಾನೇಜರ್, ಅದೇ ಶಾಂತ ಮುಖದಿಂದ, ರಿಲೀಸ್ ಮುಗಿಯಲಿ ಅನ್ನುತ್ತಾರೆ.

ಫಲ ಏನಾದರೂ ಸಿಕ್ಕಿತೇ? ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಲೆಕ್ಕವಿದೆ. ಧ್ಯಾನ, ಆ್ಯಪು, ಸ್ಥೈರ್ಯ ತರಬೇತಿ ಪಡೆದವರು ಪಡೆಯದವರಿಗಿಂತ ಸುಖವಾಗೇನೂ ಇರಲಿಲ್ಲ. ಸ್ವಯಂಸೇವೆಗೆ ಹೋದವರಲ್ಲಿ ಮಾತ್ರ ತುಸು ಗೆಲುವು ಕಂಡಿತ್ತು. ಕಚೇರಿಯಿಂದ ಎದ್ದು ಹೊರಗೆ ಹೋದವರು ಅವರಷ್ಟೇ ತಾನೇ.

ಸೆಷನ್ನಿನ ಕೊನೆಗೆ ಪ್ರಶ್ನೋತ್ತರ ಇದ್ದೇ ಇರುತ್ತದೆ. ಯಾರೋ ಹೊಸ ಹುಡುಗಿ ಕೈ ಎತ್ತಿದಳು ಎಂದಿಟ್ಟುಕೊಳ್ಳಿ.

“ಮೇಡಂ, ನಮ್ಮ ಟೀಮಲ್ಲಿ ಇಬ್ರು ಬಿಟ್ಟು ಹೋದ್ರು. ಅವರ ಕೆಲಸಾನೂ ನಾನೇ ಮಾಡ್ತಿದೀನಿ. ಆ ಜಾಗಕ್ಕೆ ಜನ ತಗೊಂಡ್ರೆ ಸ್ಟ್ರೆಸ್ ಕಮ್ಮಿ ಆಗಲ್ವಾ?”

“ಬ್ಯೂಟಿಫುಲ್. ಈ ಯೋಚನೆ ಬಂದಾಗ ಅದನ್ನ ಹಿಡ್ಕೊಂಡು ಕೂರಬೇಡಿ ಅಮ್ಮಾ. ಬಂತು, ನೋಡಿದ್ರಿ, ಹೋಗೋಕೆ ಬಿಡಿ.”

ಅಷ್ಟರಲ್ಲಿ ಎಚ್‌ಆರ್‌ನವರು ಚಾಟ್‌ನಲ್ಲಿ ಫೀಡ್‌ಬ್ಯಾಕ್ ಫಾರ್ಮಿನ ಲಿಂಕ್ ಹಾಕಿರುತ್ತಾರೆ. ಇವತ್ತು ಸಂಜೆಯೊಳಗೆ ತುಂಬಬೇಕು. ತುಂಬದವರ ಪಟ್ಟಿ ಮ್ಯಾನೇಜರ್‌ಗೆ ಹೋಗುತ್ತದೆ.