ಮನೆ ಕಟ್ಟಿಸಿದವರು

ಜೀವನದಲ್ಲಿ ಒಂದೇ ಒಂದು ಮನೆ ಕಟ್ಟಿಸಿದವರ ಜೊತೆ ಎಲ್ಲಿಗೆ ಬೇಕಾದರೂ ಹೋಗಿ, ಗೋಡೆ ಇರುವ ಕಡೆ ಮಾತ್ರ ಹೋಗಬೇಡಿ. ದೇವಸ್ಥಾನದಲ್ಲಿ ಅವರಿಗೆ ದೇವರಿಗಿಂತ ಮೊದಲು ಕಾಣುವುದು ಗ್ರಾನೈಟು. ಮದುವೆ ಛತ್ರದಲ್ಲಿ ಎಲೆ ಮುಂದೆ ಕೂತು ತಾರಸಿಯಲ್ಲಿ ತೇವ ಹುಡುಕುತ್ತಾರೆ. ನಮ್ಮ ಭಾವ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಸರ್ಕಾರಕ್ಕೆ ಕಟ್ಟಿಸಿದ್ದರ ಬಗ್ಗೆ ಬಾಯಿ ಬಿಡುವುದಿಲ್ಲ. ವಿಜಯನಗರದ 30x40 ಸೈಟಿನಲ್ಲಿ ಸ್ವಂತಕ್ಕೆ ಕಟ್ಟಿಸಿದ್ದರ ಬಗ್ಗೆ ಬಾಯಿ ಮುಚ್ಚುವುದಿಲ್ಲ.

ಇಂಥವರನ್ನು ನಾನು ಕಲಾಪ್ರದರ್ಶನಕ್ಕೆ ಕರೆದುಕೊಂಡು ಹೋದೆ. ಅದೂ ಕೆಡವಿದ ಮನೆಗಳ ಇಟ್ಟಿಗೆ, ಬಾಗಿಲು, ಕಿಟಕಿ, ಹೆಂಚುಗಳಿಂದಲೇ ಮಾಡಿದ ಕಲೆ. ತಪ್ಪು ನನ್ನದೇ.

ಒಳಗೆ ಕಾಲಿಟ್ಟವರೇ ಹಳೇ ಬಾಗಿಲೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿ, “ತೇಗ ಅಲ್ಲ, ಹೊನ್ನೆ” ಅಂದರು. ನಾನು ಕರಪತ್ರದಲ್ಲಿದ್ದ ‘ಸ್ಮೃತಿ’, ‘ವಿಸ್ಥಾಪನೆ’ಗಳನ್ನು ಓದಿ ತಲೆಯಾಡಿಸುತ್ತಿದ್ದೆ. ಅರ್ಥವಾಗದ್ದಕ್ಕೆ ತಲೆಯಾಡಿಸುವುದೇ ಕಲಾಭಿರುಚಿ ಅಂದುಕೊಂಡು ಇಷ್ಟು ವರ್ಷ ಕಳೆದವನು ನಾನು. ಅಷ್ಟರಲ್ಲಿ ಭಾವ ಇಟ್ಟಿಗೆ ಗೋಡೆಯೊಂದರ ಮುಂದೆ ಒಂದು ಕಣ್ಣು ಮುಚ್ಚಿ ನಿಂತಿದ್ದರು. ಪಕ್ಕದಲ್ಲೇ ಅದನ್ನು ಮಾಡಿದ ಹುಡುಗಿ.

“ಗುಂಡು ಹಾಕಿದ್ರೇನಮ್ಮಾ?”

ಹುಡುಗಿ ಕಣ್ಣು ಕಣ್ಣು ಬಿಟ್ಟಳು. ಇದು ಮೇಸ್ತ್ರಿಗಳು ದಾರಕ್ಕೆ ಕಟ್ಟಿ ಇಳಿಬಿಡುವ ತೂಕದ ಗುಂಡು, ಸಂಜೆಯದ್ದಲ್ಲ ಎಂದು ನಾನು ನಡುವೆ ಬಿದ್ದು ಬಿಡಿಸಿ ಹೇಳಬೇಕಾಯಿತು.

“ಗೋಡೆ ವಾಲಿದೆ. ಜಾಯಿಂಟಿನ ಮೇಲೇ ಜಾಯಿಂಟು ಬಂದಿದೆ.”

“ಬೇಕಂತಲೇ ವಾಲಿಸಿದ್ದು, ಅಂಕಲ್.”

“ನಮ್ಮ ಮೇಸ್ತ್ರೀನೂ ಹಾಗೇ ಹೇಳ್ತಿದ್ದ.”

ಮಾತು ತಿರುಗಿಸಲು ನಾನು ಚಂಡೀಗಢದ ರಾಕ್ ಗಾರ್ಡನ್ ಎತ್ತಿದೆ. ಒಡೆದ ಪಿಂಗಾಣಿ, ಬಳೆಚೂರು, ಕೆಡವಿದ ಹಳ್ಳಿಗಳ ಅಳಿದುಳಿದದ್ದು ಹೊತ್ತು ತಂದು ನೇಕ್ ಚಂದ್ ವರ್ಷಗಟ್ಟಲೆ ಗುಟ್ಟಾಗಿ ಕಟ್ಟಿದ ತೋಟ. 1976ರಲ್ಲಿ ಜನರಿಗೆ ತೆರೆಯಿತು. ಆತ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದವನು ಅಂದದ್ದೇ ಭಾವನವರ ಮುಖ ಅರಳಿತು. “ನೋಡಯ್ಯ, ಫೈಲು ಓಡಾಡಿ ಕೆಲಸ ಆಗದೇ ಇರೋದು ನಮ್ಮಲ್ಲಿ ಬೇಕಾದಷ್ಟಿದೆ. ಫೈಲೇ ಇಲ್ಲದೆ ಕೆಲಸ ಆಗಿದ್ದು ಅದೊಂದೇ ಇರಬೇಕು.”

ಕೊನೆಯ ಕೋಣೆಯಲ್ಲಿ ನೆಲದ ತುಂಬ ಮಂಗಳೂರು ಹೆಂಚು. ಭಾವ ಮಂಡಿ ಹಿಡಿದುಕೊಂಡು ಕೂತು ಒಂದನ್ನು ಮಗುಚಿದರು. ಮುಟ್ಟಬಾರದೆಂದು ಬರೆದಿತ್ತು, ನಾನು ಹೇಳಲಿಲ್ಲ. “ಬಾಸೆಲ್ ಮಿಷನ್‌ನೋರು 1865ರಲ್ಲಿ ಕಾರ್ಖಾನೆ ಹಾಕಿದ್ದು...” ಎಂದು ಶುರುಮಾಡಿದವರು ಅಲ್ಲಿಗೇ ನಿಲ್ಲಿಸಿದರು. ತೀರ್ಥಹಳ್ಳಿ ಕಡೆಯ ಅಪ್ಪನ ಮನೆ ಕೆಡವಿಸಿ ಹೆಂಚು ಎಣಿಸಿ ಮಾರಿದವರು ಇವರೇ. ಎರಡು ರೂಪಾಯಿ ಅಂದವನನ್ನು ಮೂರಕ್ಕೆ ಏರಿಸಿದ ಕಥೆ ನಮಗೆಲ್ಲ ಬಾಯಿಪಾಠ. ಅವತ್ತು ಅದು ಬರಲಿಲ್ಲ. “ಆಷಾಢದಲ್ಲಿ ನಡುಮನೇಲಿ ಸೋರ್ತಿತ್ತು. ಅಮ್ಮ ತಪ್ಪಲೆ ಇಡ್ತಿದ್ಲು” ಅಂದರು, ಅಷ್ಟೇ.

ಸೋರುವ ಮಾಡು ಕೆಡವಿ ಸೋರುವ ತಾರಸಿ ಹಾಕಿಸಿಕೊಂಡವರು ನಾವು. ಆಗ ಒಂದು ತಪ್ಪಲೆ ಸಾಕಿತ್ತು. ಈಗ ವಾಟರ್‌ಪ್ರೂಫಿಂಗ್‌ನವನು ಬಂದು... ಇರಲಿ, ಉಪದೇಶಕ್ಕೆ ಹೊರಟೆ.

ಹೊರಡುವಾಗ ಬಾಗಿಲಲ್ಲಿದ್ದ ಅಭಿಪ್ರಾಯ ಪುಸ್ತಕದಲ್ಲಿ ಭಾವ ಬರೆದದ್ದು: “ಹೆಂಚಿನ ಕೆಲಸ ಚೆನ್ನಾಗಿದೆ. ಇಟ್ಟಿಗೆ ಗೋಡೆ ಮುಕ್ಕಾಲು ಇಂಚು ಔಟ್.” ಕೆಳಗೆ ಸಹಿ, ಹುದ್ದೆ, ಮೊಬೈಲ್ ನಂಬರು.