ಬೀರುವಾಸಿ ಕ್ಯಾಮೆರಾ

ನಮ್ಮ ಕಡೆ ಡಿಜಿಟಲ್ ಕ್ಯಾಮೆರಾಗಳು ಸಾಯುವ ಬಗೆಯನ್ನು ಯಾರಾದರೂ ಕೂತು ಲೆಕ್ಕ ಹಾಕಿದರೆ, ಬಿದ್ದು ಒಡೆದವು, ಮಳೆಯಲ್ಲಿ ನೆನೆದವು, ಕಳುವಾದವು ಎಲ್ಲ ಸೇರಿದರೂ ಜೋಪಾನದಿಂದ ಸತ್ತವುಗಳ ಸಂಖ್ಯೆಗೆ ಸಾಟಿಯಾಗಲಾರವು ಎಂಬುದು ನನ್ನ ಬಲವಾದ ನಂಬಿಕೆ. ಕ್ಯಾಮೆರಾ ಮನೆಗೆ ಬಂದ ಸಂಜೆ ಎಲ್ಲರೂ ಒಂದೊಂದು ಸಲ ಹಿಡಿದು ನೋಡುತ್ತಾರೆ. ದೇವರ ಮುಂದೆ ದೀಪದ್ದೊಂದು ಫೋಟೊ, ಅಜ್ಜಿಯದೊಂದು ಫೋಟೊ, ಅಜ್ಜಿ ಕಣ್ಣು ಮುಚ್ಚಿದ್ದರಿಂದ ಇನ್ನೊಂದು ಫೋಟೊ. ಆಮೇಲೆ ಅದನ್ನು ಬಂದ ಹಾಗೆಯೇ ಪಾಲಿಥೀನ್ ಚೀಲಕ್ಕೆ, ಚೀಲವನ್ನು ಥರ್ಮೋಕೋಲಿಗೆ, ಥರ್ಮೋಕೋಲನ್ನು ರಟ್ಟಿನ ಪೆಟ್ಟಿಗೆಗೆ ಇಳಿಸಿ, ಪೆಟ್ಟಿಗೆಯನ್ನು ಬೀರುವಿನ ಮೇಲಿನ ಅರೆಯಲ್ಲಿ, ರೇಷ್ಮೆ ಸೀರೆಗಳ ಪಕ್ಕದಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ ಇಟ್ಟು ಬೀಗ ಹಾಕುತ್ತಾರೆ. ಕತ್ತಲಲ್ಲಿಡು, ಬಾಯಿ ಬಿಗಿ, ಪದೇ ಪದೇ ತೆಗೆಯಬೇಡ, ಮಕ್ಕಳ ಕೈಗೆ ಸಿಗದಿರಲಿ: ಇವು ಉಪ್ಪಿನಕಾಯಿ ಭರಣಿಗೆ ಹೇಳಿ ಮಾಡಿಸಿದ ನಿಯಮಗಳು. ಉಪ್ಪೂ ಎಣ್ಣೆಯೂ ಇರುವುದರಿಂದ ಉಪ್ಪಿನಕಾಯಿ ಹೇಗೋ ಬದುಕಿಕೊಳ್ಳುತ್ತದೆ. ಲೆನ್ಸಿನಲ್ಲಿ ಅವೆರಡೂ ಇಲ್ಲ.

ಅದರಲ್ಲಿರುವುದು ಗಾಜು, ಗಾಜಿನ ಮೇಲೊಂದು ಅತಿ ತೆಳುವಾದ ಲೇಪ, ಅದರ ಮೇಲೆ ಅಜ್ಜಿಯ ಫೋಟೊ ತೆಗೆದವರ ಬೆರಳಿನ ಜಿಡ್ಡು. ಬೂಷ್ಟಿಗೆ ಇಷ್ಟು ಊಟ ಸಾಕು. ಅದರ ಬೀಜಕಣಗಳು ಗಾಳಿ ಇರುವಲ್ಲೆಲ್ಲ ಇರುತ್ತವೆ, ಲೆನ್ಸಿನ ಒಳಗೂ ಇರುತ್ತವೆ. ಗಾಳಿಯ ತೇವ ಶೇಕಡ 60 ದಾಟಿ ವಾರಗಟ್ಟಲೆ ಹಾಗೇ ನಿಂತು, ಬೆಳಕಿಲ್ಲದೆ ಗಾಳಿಯಾಡದೆ ಇದ್ದರೆ ಅವು ಮೊಳೆತು ಬಿಳಿಯ ಎಳೆ ಬಿಡುತ್ತವೆ. ಆ ಎಳೆಗಳಿಂದ ಒಸರುವ ಆಮ್ಲ ಮೊದಲು ಲೇಪವನ್ನು, ಬಿಟ್ಟರೆ ಆಮೇಲೆ ಗಾಜನ್ನೇ ತಿನ್ನುತ್ತದೆ. ಶುರುವಿನಲ್ಲಾದರೆ ಲೆನ್ಸು ಬಿಚ್ಚಿ ಒರೆಸಿ ಕೊಡುವ ರಿಪೇರಿಯವರಿದ್ದಾರೆ. ಗಾಜಿಗೇ ತಾಗಿದ ಮೇಲೆ ಅವರೂ ತಲೆಯಾಡಿಸಿ ವಾಪಸ್ಸು ಕೊಡುತ್ತಾರೆ. ಕರಾವಳಿಯ ಮಳೆಗಾಲದಲ್ಲಿ ತೇವ ಶೇಕಡ 80ರ ಮೇಲೆಯೇ ಇರುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಲ್ಲಿ ಬೆಲ್ಟು, ಚಪ್ಪಲಿ, ಗೋಡೆ ಎಲ್ಲಕ್ಕೂ ಬೂಷ್ಟು ಬರುವಾಗ ಕ್ಯಾಮೆರಾ ಯಾವ ಲೆಕ್ಕ? ಅದರಲ್ಲೂ ಚರ್ಮದ ಚೀಲ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ, ಹೆಚ್ಚು ದುಡ್ಡು ಕೊಟ್ಟು ಒಳ್ಳೆಯ ಚೀಲ ತಂದವರಿಗೆ ಬೂಷ್ಟೂ ಬೇಗ ದಕ್ಕುತ್ತದೆ. ಹಾಗಂತ ಎಲ್ಲವನ್ನೂ ಮಳೆಯ ತಲೆಗೆ ಕಟ್ಟುವ ಹಾಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಬೆನ್ನು ಹತ್ತಿ ಫೋಟೊ ತೆಗೆದದ್ದು ಮೂಡಿಗೆರೆಯಲ್ಲಿ, ಮರುಭೂಮಿಯಲ್ಲಲ್ಲ.

ಇದು ನನ್ನೊಬ್ಬನ ತರ್ಕವಾಗಿದ್ದರೆ ತಳ್ಳಿಹಾಕಬಹುದಿತ್ತು. ಕ್ಯಾಮೆರಾ ಮಾಡಿದವರೇ ನನ್ನ ಪರವಾಗಿ ಸಾಕ್ಷಿ ಹೇಳಿದ್ದಾರೆ. ನ್ಯಾಫ್ತಲೀನ್ ಅಥವಾ ಕರ್ಪೂರದ ಗುಳಿಗೆಗಳ ಜೊತೆ ಇಡಬೇಡಿ, ಗಾಳಿಯಾಡುವ ಒಣ ಜಾಗದಲ್ಲಿಡಿ, ತಿಂಗಳಿಗೊಮ್ಮೆಯಾದರೂ ಹೊರತೆಗೆದು ಆನ್ ಮಾಡಿ ನಾಲ್ಕಾರು ಸಲ ಶಟರ್ ಒತ್ತಿ ಎಂದು ನಿಕಾನ್ ಕಂಪನಿಯ ಕೈಪಿಡಿಗಳಲ್ಲಿ ಅಚ್ಚಾಗಿದೆ. ಆ ಕೈಪಿಡಿ ಕೂಡ ಅದೇ ಬೀರುವಿನಲ್ಲಿ, ಅದೇ ಪೆಟ್ಟಿಗೆಯ ತಳದಲ್ಲಿ, ಹೊಸದರ ಘಮ ಹೋಗದಂತೆ ಸುರಕ್ಷಿತವಾಗಿದೆ. ಪೆಟ್ಟಿಗೆಯ ಸಾಮಾನುಗಳಲ್ಲಿ ಮನೆಯಿಂದ ಹೊರಬೀಳುವುದು ಒಂದೇ ಒಂದು, ಸಿಲಿಕಾ ಜೆಲ್ ಪೊಟ್ಟಣ. ತಿನ್ನಬೇಡಿ ಎಂದು ಅದರ ಮೇಲೆ ಬರೆದಿರುವುದನ್ನು ಕಂಡು ಯಾರೋ ಹೆದರಿ ಕಸಕ್ಕೆ ಹಾಕಿರುತ್ತಾರೆ. ನಿಜಕ್ಕೂ ಕ್ಯಾಮೆರಾದ ಪಕ್ಕದಲ್ಲಿ ಇರಬೇಕಾದದ್ದು ಅದೊಂದೇ. ನೀಲಿ ಬಣ್ಣದ ಕಾಳುಗಳಾದರೆ ತೇವ ಕುಡಿದು ಗುಲಾಬಿಯಾಗುತ್ತವೆ, ಬಿಸಿ ಮಾಡಿದರೆ ಮತ್ತೆ ನೀಲಿಗೆ ಬರುತ್ತವೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆ ಕಾಳು ಹಾಕಿ, ಪಕ್ಕದಲ್ಲೊಂದು ಚಿಕ್ಕ ತೇವಮಾಪಕ ಇಟ್ಟು, ಮುಳ್ಳು 40ರಿಂದ 50ರ ನಡುವೆ ಇರುವಂತೆ ನೋಡಿಕೊಂಡರೆ ಮಲೆನಾಡಿನ ಆಷಾಢವನ್ನೂ ದಾಟಿಸಬಹುದು. ಆದರೆ ಡಬ್ಬಿಯ ಮುಚ್ಚಳ ಆಗಾಗ ತೆಗೆಯಬೇಕಾದೀತು ಎಂಬ ಕಾರಣಕ್ಕೇ ಈ ಏರ್ಪಾಟು ಬೀರುಭಕ್ತರಿಗೆ ಹಿಡಿಸುವುದಿಲ್ಲ.

ಬಳಸಿದರೆ ಸವೆಯುವುದಿಲ್ಲವೇ ಎಂಬುದು ಅವರ ಮೊದಲ ಪಾಟೀಸವಾಲು. ಸವೆಯುತ್ತದೆ, ಎಷ್ಟು ಎಂಬುದೇ ಪ್ರಶ್ನೆ. ಸಾಧಾರಣ ಡಿಎಸ್‌ಎಲ್‌ಆರ್ ಕ್ಯಾಮೆರಾದ ಶಟರನ್ನು ತಯಾರಕರು ಸುಮಾರು 1 ಲಕ್ಷ ಸಲ ಒತ್ತಿದರೂ ತಾಳುವಂತೆ ಮಾಡಿರುತ್ತಾರೆ, ವೃತ್ತಿಪರರ ದೊಡ್ಡ ಕ್ಯಾಮೆರಾಗಳಲ್ಲಿ ಇದು 4 ಲಕ್ಷ ಮುಟ್ಟುತ್ತದೆ. ದಿನಕ್ಕೆ 20 ಫೋಟೊ ತಪ್ಪದೆ ತೆಗೆದರೂ 1 ಲಕ್ಷ ಮುಗಿಯಲು 13 ವರ್ಷಕ್ಕೂ ಹೆಚ್ಚು ಬೇಕು. ದಿನಕ್ಕೆ 20 ಫೋಟೊ ತೆಗೆಯುವಷ್ಟು ಸುಂದರವಾದದ್ದು ನಮ್ಮ ಮನೆಯಲ್ಲಿ ಏನಿದೆ ಎಂದು ಕೇಳಬಾರದು, ಅದು ಬೇರೆ ವಿಷಯ. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾದವರು ಯಾವುದಾದರೂ ಕಲ್ಯಾಣಮಂಟಪಕ್ಕೆ ಹೋಗಿ ಫೋಟೊಗ್ರಾಫರ್ ಕೈಯಲ್ಲಿರುವ ಕ್ಯಾಮೆರಾವನ್ನು ನೋಡಬೇಕು. ಅಂಚಿನ ಬಣ್ಣ ಹೋಗಿದೆ, ಹಿಡಿಯ ರಬ್ಬರು ಎದ್ದು ಅಂಟು ಟೇಪಿನಲ್ಲಿ ಕೂತಿದೆ, ಹೋಮದ ಹೊಗೆ ಕುಡಿದಿದೆ, ಅಕ್ಷತೆಯ ಮಳೆ ಕಂಡಿದೆ, ವೀಡಿಯೊ ದೀಪದ ಶಾಖದಲ್ಲಿ ಬೆಂದಿದೆ. ಆದರೂ ಧಾರೆಯ ಹೊತ್ತಿಗೆ ಕೈಕೊಡುವುದಿಲ್ಲ. ಅದೇ ಮಂಟಪದಲ್ಲಿ, ಮದುವೆಗೆಂದೇ ಬೀರುವಿನಿಂದ ಹೊರಬಂದ ಚಿಕ್ಕಪ್ಪನ ಕ್ಯಾಮೆರಾ, ಗೀರು ಒಂದೂ ಇಲ್ಲದ್ದು, ಬ್ಯಾಟರಿ ಸತ್ತಿದೆ ಎಂದು ಹೇಳುವಷ್ಟೂ ಶಕ್ತಿಯಿಲ್ಲದೆ ಮಲಗಿರುತ್ತದೆ.

ಆ ಬ್ಯಾಟರಿಯ ಸಾವಿನ ಕಾರಣವೂ ಜೋಪಾನವೇ. ಲಿಥಿಯಮ್ ಅಯಾನ್ ಬ್ಯಾಟರಿ ಸುಮ್ಮನೆ ಇಟ್ಟರೂ ಸ್ವಲ್ಪ ಸ್ವಲ್ಪವೇ ಬರಿದಾಗುತ್ತದೆ. ಮೊದಲೇ ಖಾಲಿಯಾಗಿದ್ದದ್ದನ್ನು ವರ್ಷಗಟ್ಟಲೆ ಬಿಟ್ಟರೆ ಒಂದು ಮಟ್ಟಕ್ಕಿಂತ ಕೆಳಗಿಳಿದು, ಆಮೇಲೆ ಚಾರ್ಜರ್ ಅದನ್ನು ಗುರುತಿಸಲೂ ಒಪ್ಪುವುದಿಲ್ಲ. ತುಂಬಾ ದಿನ ಇಡಲೇಬೇಕಾದರೆ ಅರ್ಧದಷ್ಟು ಚಾರ್ಜ್ ಮಾಡಿ, ಕ್ಯಾಮೆರಾದಿಂದ ಬಿಚ್ಚಿ, ತಂಪಾದ ಜಾಗದಲ್ಲಿ ಇಡಬೇಕು. ಫ್ಲ್ಯಾಶಿಗೆ ಹಾಕಿದ ಸಾದಾ ಸೆಲ್ಲುಗಳು ಇನ್ನೂ ಕೇಡಿಗತನದವು. ಮರೆತರೆ ಒಳಗೇ ಸೋರಿ ಬಿಳಿ ಹಿಟ್ಟು ಕಟ್ಟಿ ತಗಡನ್ನೇ ತಿಂದುಹಾಕುತ್ತವೆ.

ಈ ಕೂಡಿಡುವ ಬುದ್ಧಿ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಫಿಲ್ಮಿನ ಕಾಲದಲ್ಲಿದೆ. 36 ಫೋಟೊಗಳ ಒಂದು ರೋಲನ್ನು ಗೌರಿ ಹಬ್ಬದಲ್ಲಿ ಹಾಕಿ ಯುಗಾದಿಯಲ್ಲಿ ತೊಳೆಸುತ್ತಿದ್ದ ಸಂಸಾರಗಳಿಗೆ ಒಂದು ಕ್ಲಿಕ್ ಎಂದರೆ ದುಡ್ಡು. ಮುಖ ಸರಿಯಾಗಿ ಬರದಿದ್ದರೂ ಪ್ರಿಂಟಿಗೆ ಕೊಡಲೇಬೇಕಾಗಿತ್ತು, ಕೊಟ್ಟ ಮೇಲೆ ಆಲ್ಬಮ್ಮಿಗೆ ಅಂಟಿಸಲೇಬೇಕಾಗಿತ್ತು. ಅಭ್ಯಾಸ ಎಷ್ಟು ಆಳದ್ದೆಂದರೆ ಡಿಜಿಟಲ್ ಕ್ಯಾಮೆರಾ ಕಂಡುಹಿಡಿದವರನ್ನೂ ಅದು ಬಿಟ್ಟಿರಲಿಲ್ಲ. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ ಸುಮಾರು 3.6 ಕಿಲೊ ತೂಗುತ್ತಿತ್ತು. ಚಿತ್ರದಲ್ಲಿ ಇದ್ದದ್ದು ಬರೀ 10,000 ಚುಕ್ಕಿ, ಅದೂ ಕಪ್ಪು ಬಿಳುಪು, ಒಂದೊಂದನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು. ಆ ಕ್ಯಾಸೆಟ್ಟಿನಲ್ಲಿ ಇನ್ನೂ ಹೆಚ್ಚು ಹಿಡಿಸಬಹುದಿತ್ತಾದರೂ ಅವರು 30 ಚಿತ್ರಕ್ಕೆ ನಿಲ್ಲಿಸಿದರು, ಏಕೆಂದರೆ ಫಿಲ್ಮಿನ ರೋಲುಗಳು 24 ಮತ್ತು 36ರವು, 30 ಅವೆರಡರ ನಡುವಿನ ಸಂಖ್ಯೆ. ಹೊಸ ಯಂತ್ರ ಮಾಡಿದವರೇ ಹಳೆಯ ರೋಲನ್ನು ಮರೆಯಲಾಗದೆ ಹೋದಾಗ ನಮ್ಮ ಅತ್ತೆ ಮಾವಂದಿರನ್ನು ದೂರುವುದು ನ್ಯಾಯವಲ್ಲ. ಆದರೆ ಈಗ ಕ್ಲಿಕ್ಕಿಗೆ ಕಾಸಿಲ್ಲ. ಮಿತವ್ಯಯದ ಕಾರಣ ಹೋಗಿದೆ, ಮಿತವ್ಯಯ ಮಾತ್ರ ಉಳಿದಿದೆ.

ಆದ್ದರಿಂದ ಹೊಸ ಕ್ಯಾಮೆರಾ ಬಂದ ಸಂಜೆಯೇ ಕೆಲವು ಕೆಲಸ ಮುಗಿಸಿಬಿಡಬೇಕು. ಮೊದಲು ಪಟ್ಟಿ ಕಟ್ಟಿ ಕೊರಳಿಗೆ ಹಾಕಿಕೊಳ್ಳುವುದು. ಪಟ್ಟಿ ಮಾಸುತ್ತದೆ ಎಂದು ಪೆಟ್ಟಿಗೆಯಲ್ಲೇ ಬಿಟ್ಟವರು ಕ್ಯಾಮೆರಾ ಬೀಳುವ ಬಗ್ಗೆ ಮಾತಾಡುವ ಹಕ್ಕು ಕಳೆದುಕೊಳ್ಳುತ್ತಾರೆ. ಆಮೇಲೆ ದಿನಾಂಕ ಸರಿಮಾಡುವುದು. ಇಲ್ಲದಿದ್ದರೆ ಮಗುವಿನ ಚಿತ್ರಗಳೆಲ್ಲ ಅದು ಹುಟ್ಟುವುದಕ್ಕೂ ಮುಂಚಿನ ಯಾವುದೋ ಜನವರಿ 1ರಂದು ತೆಗೆದವಾಗಿ ದಾಖಲಾಗುತ್ತವೆ. ಕಾರ್ಡನ್ನು ಆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಬೇಕು. ಇಣುಕುಗಂಡಿಯ ಪಕ್ಕದಲ್ಲಿ ಕಂಡೂ ಕಾಣದಂತಿರುವ ಪುಟ್ಟ ಚಕ್ರವೊಂದಿದೆ. ನೋಡುವವರ ಕಣ್ಣಿಗೆ ಹೊಂದುವಂತೆ ಅದನ್ನು ತಿರುಗಿಸಿಕೊಳ್ಳದೆ ಎಷ್ಟೋ ಜನ, ಕ್ಯಾಮೆರಾ ಮಂಜುಮಂಜಾಗಿದೆ ಎಂದು ಅಂಗಡಿಯವರ ಮೇಲೆ ಹರಿಹಾಯುತ್ತಾರೆ. ಇನ್ನು ಮೇಲಿನ ಡಯಲು. ಅದರಲ್ಲಿ ಪಿ ಇರುವುದನ್ನು ಕಂಡು ಪ್ರೊಫೆಷನಲ್ ಎಂದು ಹಿಗ್ಗುವವರೂ ಇದ್ದಾರೆ, ಎಂ ಕಂಡು ಕ್ಯಾಮೆರಾವನ್ನೇ ಕೆಳಗಿಡುವವರೂ ಇದ್ದಾರೆ. ಆರು ತಿಂಗಳು ಆಟೊದಲ್ಲೇ ಇದ್ದರೂ ಪಾಪವಿಲ್ಲ. ಲೆನ್ಸಿನ ಬಾಯಿ ಎಷ್ಟು ತೆರೆದಿದೆ, ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ, ಐಎಸ್‌ಒ ಎಷ್ಟಿದೆ ಎಂಬ ಮೂರರ ಆಟವೇ ಬೆಳಕಿನ ಲೆಕ್ಕವೆಲ್ಲ. ಅಡುಗೆಮನೆಯ ಕಿಟಕಿಯ ಹತ್ತಿರ ಒಂದು ಬದನೆಕಾಯಿ ಇಟ್ಟು ಆ ಮೂರನ್ನೂ ತಿರುಗಿಸಿ ನೋಡಿದರೆ ಭಾನುವಾರದ ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಬದನೆಕಾಯಿ ಅಲ್ಲಾಡುವುದಿಲ್ಲ, ಕಣ್ಣೂ ಮುಚ್ಚುವುದಿಲ್ಲ.

ಧೂಳಿನ ಆಕ್ಷೇಪಣೆಗೆ ನಾನು ಅರ್ಧ ತಲೆಬಾಗುತ್ತೇನೆ. ಹೊರಗಿಟ್ಟರೆ ಧೂಳು ಕೂರುತ್ತದೆ, ಲೆನ್ಸು ಬದಲಿಸುವಾಗ ಸೆನ್ಸರಿನ ಮೇಲೂ ಕೂರುತ್ತದೆ. ಆದರೆ ಮುಂದಿನ ಗಾಜಿನ ಮೇಲಿನ ಒಂದೆರಡು ಕಣ ಚಿತ್ರದಲ್ಲಿ ಕಾಣುವುದೇ ಇಲ್ಲ. ಹಾನಿಯಾಗುವುದು ಅದನ್ನು ಕಂಡು ಕೆರಳಿ ಸೆರಗಿನಿಂದಲೋ ಪಂಚೆಯ ಅಂಚಿನಿಂದಲೋ ಉಜ್ಜಿದಾಗ. ಧೂಳಿನಲ್ಲಿ ಮರಳಿನ ಕಣವಿರುತ್ತದೆ, ಉಜ್ಜಿದರೆ ಗೀರುತ್ತದೆ. ಬಾಯಲ್ಲಿ ಊದಿದರೆ ಉಗುಳಿನ ಹನಿ ಕೂರುತ್ತದೆ, ಅಂದರೆ ಬೂಷ್ಟಿಗೆ ಮತ್ತೊಂದು ಊಟ. ರಬ್ಬರ್ ಬ್ಲೋಯರಿನಿಂದ ಗಾಳಿ ಹೊಡೆದು, ಹೋಗದಿದ್ದರೆ ಮೆತ್ತನೆಯ ಕುಂಚ ಆಡಿಸಿ, ಜಿಡ್ಡು ಉಳಿದರೆ ಮಾತ್ರ ಮೈಕ್ರೋಫೈಬರ್ ಬಟ್ಟೆಯಿಂದ ನಯವಾಗಿ ಒರೆಸುವುದು ಕ್ರಮ. ಲೆನ್ಸು ಬದಲಿಸುವಾಗ ಕ್ಯಾಮೆರಾವನ್ನು ಆಫ್ ಮಾಡಿ, ಬಾಯಿ ನೆಲದ ಕಡೆಗೆ ಬರುವಂತೆ ಹಿಡಿಯಬೇಕು. ರಾತ್ರಿಯಿಡೀ ಏಸಿ ಬಸ್ಸಿನಲ್ಲಿ ತಣ್ಣಗಾದ ಕ್ಯಾಮೆರಾವನ್ನು ಬೆಳಿಗ್ಗೆ ಮಂಗಳೂರಿನಲ್ಲಿ ಇಳಿದೊಡನೆ ಹೊರತೆಗೆದರೆ ಗಾಜಿನ ಮೇಲೆ ನೀರು ಕಟ್ಟುತ್ತದೆ. ಚೀಲದೊಳಗೇ ಅರ್ಧ ಗಂಟೆ ಬಿಟ್ಟು, ಅಷ್ಟರಲ್ಲಿ ಕಾಫಿ ಮುಗಿಸಿಕೊಳ್ಳುವುದು ಒಳ್ಳೆಯದು. ಆಯುಧಪೂಜೆಯ ದಿನ ಮಾತ್ರ ಯಾರೂ ಕೈಪಿಡಿಯ ಮಾತು ಕೇಳುವುದಿಲ್ಲ. ದುಡಿದ ಹತಾರಗಳಿಗೆ ನಡೆಯುವ ಪೂಜೆಯಲ್ಲಿ, ವರ್ಷವಿಡೀ ಏನೂ ಮಾಡದ ಕ್ಯಾಮೆರಾವೂ ಬೀರುವಿನಿಂದ ಇಳಿದು ಬಂದು ಸಾಲಿನಲ್ಲಿ ಕೂರುತ್ತದೆ. ಕುಂಕುಮ ಇಡುವವರು ದಯವಿಟ್ಟು ಲೆನ್ಸಿನ ಮುಚ್ಚಳದ ಮೇಲೆ ಇಡಬೇಕಾಗಿ ವಿನಂತಿ.

ಇಷ್ಟೆಲ್ಲ ಏಕೆ, ಫೋನ್ ಇದೆಯಲ್ಲ ಎನ್ನುವವರ ಮಾತನ್ನು ಜಗತ್ತೇ ಒಪ್ಪಿಕೊಂಡಂತಿದೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ 2010ರಲ್ಲಿ ಕಾರ್ಖಾನೆ ಬಿಟ್ಟು ಹೊರಟ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2020ರಲ್ಲಿ ಒಂದು ಕೋಟಿಯೂ ಇಲ್ಲ. ಆದರೆ ಫೋನಿನ ಗೆಲುವು ನನ್ನ ವಾದಕ್ಕೇ ಬಲ ಕೊಡುತ್ತದೆ. ಬೆವರಿದ ಜೇಬು, ಹಿಟ್ಟು ಮೆತ್ತಿದ ಕೈ, ಮಗುವಿನ ಜೊಲ್ಲು ಎಲ್ಲವನ್ನೂ ಕಂಡ ಫೋನಿನ ಲೆನ್ಸಿಗೆ ಬೂಷ್ಟು ಬಂದ ದೂರು ಅಪರೂಪ. ಅದು ಬಿಗಿಯಾಗಿ ಮುಚ್ಚಿದ ಯಂತ್ರ ಎಂಬುದು ಒಂದು ಕಾರಣ, ಒಪ್ಪುತ್ತೇನೆ. ದಿನವೂ ಬೆಳಕು, ಬಿಸಿ, ಗಾಳಿ, ಚಾರ್ಜು ಕಾಣುತ್ತದೆ ಎಂಬುದು ಇನ್ನೊಂದು. ದೊಡ್ಡ ಸೆನ್ಸರೂ ಒಳ್ಳೆಯ ಲೆನ್ಸೂ ಇರುವ ಕ್ಯಾಮೆರಾ ಮಬ್ಬು ಬೆಳಕಿನಲ್ಲಿ, ದೂರದ ಕೊಂಬೆಯ ಮೇಲಿನ ಮಂಗಟ್ಟೆಯ ಮುಂದೆ ಫೋನನ್ನು ಈಗಲೂ ಸೋಲಿಸಬಲ್ಲದು, ಹೊರಗೆ ಬಂದರೆ.

ಹೊರಗಿಟ್ಟರೆ ಯಾರಾದರೂ ಕೇಳುತ್ತಾರೆ ಎಂಬ ಭಯ ಮಾತ್ರ ಪೂರಾ ನಿಜ. ಭಾವನ ಮಗನ ಉಪನಯನಕ್ಕೆ ಕೇಳುತ್ತಾರೆ, ಪಕ್ಕದ ಮನೆಯವರು ಧರ್ಮಸ್ಥಳಕ್ಕೆ ಹೊರಟಾಗ ಕೇಳುತ್ತಾರೆ. ಕೊಡಬೇಕು. ಒಳಗಿರುವ ಚಿತ್ರಗಳನ್ನು ಎರಡು ಕಡೆ ನಕಲು ಮಾಡಿಟ್ಟು, ನಮ್ಮ ಕಾರ್ಡು ತೆಗೆದು ಅವರದನ್ನು ಹಾಕಿಸಿ, ಬ್ಯಾಟರಿ ತುಂಬಿಸಿ, ಪಟ್ಟಿಯನ್ನು ಅವರ ಕೊರಳಿಗೆ ನಾವೇ ಹಾಕಿ ಕಳಿಸಬೇಕು. ವಾಪಸ್ಸು ಬಂದಾಗ ಗುಂಡಿಗಳ ಸಂದಿಯಲ್ಲಿ ಒಂದೆರಡು ಅಕ್ಷತೆ ಕಾಳು ಸಿಗುತ್ತವೆ, ಬ್ಲೋಯರಿಗೆ ಅವು ಹಾರಿಹೋಗುತ್ತವೆ. ಚಾರ್ಜರ್ ಮಾತ್ರ ಅವರ ಮನೆಯಲ್ಲೇ ಉಳಿದಿರುತ್ತದೆ. ಅದಕ್ಕೆ ಎರಡು ಸಲ ಫೋನ್ ಮಾಡಬೇಕಾಗುತ್ತದೆ.