ನವಾವೃತ್ತಿ ಪರೀಕ್ಷಾ ಮೀಮಾಂಸೆ: ಉಬುಂಟು ಸಂಪ್ರದಾಯವನ್ನು ಕುರಿತು ಒಂದು ತಾತ್ವಿಕ ಅಧ್ಯಯನ

ಗ್ರಂಥಾರಂಭದಲ್ಲಿ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನಗಳೆಂಬ ನಾಲ್ಕನ್ನು ಹೇಳುವುದು ಶಿಷ್ಟಾಚಾರ. ಇಲ್ಲಿ ವಿಷಯ, ಲಿನಕ್ಸ್ ಡೆಸ್ಕ್‌ಟಾಪಿನ ಹೊಸ ಆವೃತ್ತಿಯನ್ನು ಹಾಕಿ ನೋಡುವುದು. ಅಧಿಕಾರಿ, ಯಾರ ಹಳೆಯ ಆವೃತ್ತಿ ಚೆನ್ನಾಗಿ ನಡೆಯುತ್ತಿದೆಯೋ ಅವನು. ಸಂಬಂಧ, ಅವನಿಗೂ ನಿದ್ದೆಗೂ ಇರುವ ವಿರೋಧ. ಪ್ರಯೋಜನವನ್ನು ಪೂರ್ವಾಚಾರ್ಯರು ಯಾರೂ ಹೇಳಿಲ್ಲವಾದ್ದರಿಂದ ನಾವೂ ಹೇಳುವುದಿಲ್ಲ.

ಮೊದಲು ಕಾಲನಿರ್ಣಯ. ನಮ್ಮ ಶಾಸನತಜ್ಞರು ತೇದಿಯಿಲ್ಲದ ಕಲ್ಲಿನ ಮುಂದೆ ಕೂತು ಅಕ್ಷರದ ಬಾಗುಬಳುಕು ನೋಡುತ್ತಲೇ ಆಯುಷ್ಯ ಸವೆಸುತ್ತಾರೆ. ಲಿನಕ್ಸಿನ ಉಬುಂಟು ಪಂಥದಲ್ಲಿ ಆ ಕಷ್ಟವಿಲ್ಲ. ಆವೃತ್ತಿಯ ಅಂಕಿಯಲ್ಲೇ ವರ್ಷವೂ ತಿಂಗಳೂ ಇವೆ. 4.10 ಎಂದರೆ 2004ರ ಅಕ್ಟೋಬರ್. ಅದೇ ಮೊದಲ ಅವತಾರ, ಹೆಸರು ವಾರ್ಟಿ ವಾರ್ಟ್‌ಹಾಗ್, ಅಂದರೆ ಕಾಡುವರಾಹ. ಮತ್ಸ್ಯ, ಕೂರ್ಮಗಳನ್ನು ಬಿಟ್ಟು ನೇರ ವರಾಹಕ್ಕೇ ಬಂದದ್ದೇಕೆಂಬುದಕ್ಕೆ ಸಮಾಧಾನ ದೊರೆತಿಲ್ಲ. ಸ್ಥಾಪಕ ಮಾರ್ಕ್ ಶಟಲ್‌ವರ್ತ್ 2002ರಲ್ಲೇ ಅಂತರಿಕ್ಷಕ್ಕೆ ಹೋಗಿಬಂದವರು. ಭೂಲೋಕದ ಕ್ರಮ ಅವರನ್ನು ಕಟ್ಟಿಹಾಕದಿರಬಹುದು. ವರ್ಷಕ್ಕೆ ಎರಡು ಅವತಾರ, ಏಪ್ರಿಲ್ ಮತ್ತು ಅಕ್ಟೋಬರ್. 2006ರ ಏಪ್ರಿಲ್‌ನದು ಜೂನ್‌ಗೆ ಜಾರಿ 6.06 ಆದದ್ದನ್ನು ಅಧಿಕಮಾಸವೆಂದು ಸಮರ್ಥಿಸಿಕೊಳ್ಳಬಹುದು.

ಮುಂದಿನದು ಗಂಭೀರವಾದ ಆಚಾರಭೇದ. 2010ರ 10.04ರಲ್ಲಿ ಕಿಟಕಿ ಮುಚ್ಚುವ ಗುಂಡಿ ಬಲಗಡೆಯಿಂದ ಎಡಗಡೆಗೆ ಹೋಯಿತು. ಹೀಗೆ ಪಂಥದಲ್ಲಿ ವಾಮಾಚಾರ ಕಾಲಿಟ್ಟಿತು. ಭಕ್ತರು ಪ್ರತಿಭಟಿಸಿದರು, ಬೇರೆ ಪಂಥ ಸೇರುವುದಾಗಿ ಹೆದರಿಸಿದರು, ಕೊನೆಗೆ ಎಡಗಡೆಗೇ ಕೈ ಒಗ್ಗಿಸಿಕೊಂಡರು. ಸಂಪೂರ್ಣವಾಗಿ ಒಗ್ಗಿದ್ದು ಖಚಿತವಾದ ಮೇಲೆ, 2017ರ 17.10ರಲ್ಲಿ, ಗುಂಡಿ ಮತ್ತೆ ದಕ್ಷಿಣಾಚಾರಕ್ಕೆ ಮರಳಿತು. ಅದೇ 17.10 ಕೆಲವು ಲ್ಯಾಪ್‌ಟಾಪ್‌ಗಳ ಬಯೋಸನ್ನೇ ಕೆಡಿಸಿ, ಆ ಡಿಸೆಂಬರ್‌ನಲ್ಲಿ ಅದರ ಡೌನ್‌ಲೋಡ್ ಹಿಂತೆಗೆಯಬೇಕಾಯಿತು. ಆಚಾರ ಬದಲಿಸಿದ್ದರ ದೋಷವೇ ಇದು ಎಂದು ವಾಮಪಕ್ಷದವರು ಈಗಲೂ ನಂಬಬಹುದು.

ಪೂರ್ವಪಕ್ಷವು ಅಡುಗೆಮನೆಯಿಂದ ಬರುತ್ತದೆ: “ಇರೋದು ಚೆನ್ನಾಗೇ ಇದೆಯಲ್ರೀ, ಯಾಕೆ ಕೆದಕ್ತೀರಿ?” ಇದಕ್ಕೆ ಶಾಸ್ತ್ರಬಲವೂ ಇದೆ. ಎರಡು ವರ್ಷಕ್ಕೊಮ್ಮೆ ಬರುವ ಎಲ್‌ಟಿಎಸ್ ಎಂಬ ದೀರ್ಘಾಯುಷಿ ಆವೃತ್ತಿಗೆ ಐದು ವರ್ಷ ಭದ್ರತಾ ತಿದ್ದುಪಡಿಗಳು ದೊರೆಯುತ್ತವೆ. ನಡುವಿನವುಗಳ ಆಯುಷ್ಯ ಒಂಬತ್ತೇ ತಿಂಗಳು, ಬೇರೆಯವರು ಹುಟ್ಟಲು ತೆಗೆದುಕೊಳ್ಳುವಷ್ಟು. ಈ ವಾದಕ್ಕೆ ಉತ್ತರವಿಲ್ಲ. ಆದ್ದರಿಂದ ಪರೀಕ್ಷಕನು ಎಲ್ಲರೂ ಮಲಗುವವರೆಗೆ ಕಾಯುತ್ತಾನೆ.

ಪ್ರಯೋಗಕ್ಕೆ 2024ರ ಏಪ್ರಿಲ್ 25ರಂದು ಬಂದ 24.04, ನೋಬಲ್ ನಂಬ್ಯಾಟ್ ಅನ್ನು ಆರಿಸಲಾಗಿದೆ. ನಂಬ್ಯಾಟ್ ಗೆದ್ದಲು ತಿಂದು ಬದುಕುವ ಆಸ್ಟ್ರೇಲಿಯಾದ ಪ್ರಾಣಿ. ಸಾಫ್ಟ್‌ವೇರಿಗೆ ಇದಕ್ಕಿಂತ ಶುಭನಾಮವಿಲ್ಲ. ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಏನನ್ನೂ ಸ್ಥಾಪಿಸದೆ ನೋಡುವ ಲೈವ್ ಸ್ಥಿತಿಯಲ್ಲಿ ನೀವು ಮಾಡಿದ ಯಾವ ಕರ್ಮವೂ ಯಂತ್ರಕ್ಕೆ ಅಂಟುವುದಿಲ್ಲ, ಆಫ್ ಮಾಡಿದೊಡನೆ ಎಲ್ಲವೂ ಮಾಯೆ. ಜ್ಞಾನಿ ಇಲ್ಲಿಗೇ ನಿಲ್ಲುತ್ತಾನೆ. ಪರೀಕ್ಷಕ ನಿಲ್ಲುವುದಿಲ್ಲ, ಸ್ಥಾಪಿಸಿ, ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ತೆರೆಯುತ್ತಾನೆ. ಜಾಗ್ರತ್, ಸ್ವಪ್ನ, ಸುಷುಪ್ತಿಗಳಾಚೆಯ ತುರೀಯಾವಸ್ಥೆ ಇಲ್ಲಿ ಪ್ರತ್ಯಕ್ಷ: ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು, ಯಾವ ಕೀಲಿಗೂ ಉತ್ತರವಿಲ್ಲ.

ಕನ್ನಡದ ಕಡೆ ನೋಡಿದರೆ ಪ್ರಾಣಿಸಂಪತ್ತು ಇನ್ನೂ ಹೆಚ್ಚುತ್ತದೆ. ಉಬುಂಟುವಿನ ತಂತ್ರಾಂಶ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಎರಡು ಫಾಂಟ್‌ಗಳಿವೆ. ನವಿಲು ಕೈಬರಹದ ಶೈಲಿಯದು. ಒತ್ತಕ್ಷರಗಳು ಸರಿಯಾಗಿ ಕೂತವೇ ಎಂದು ನೋಡಲು ಪರೀಕ್ಷಕ ‘ಸ್ವಾತಂತ್ರ್ಯ’ ಎಂದು ಬರೆಯುತ್ತಾನೆ. ಕೂತವು. ಅವನ ಮುಖ ಬಾಡುತ್ತದೆ.

ಇದೇ ನಮ್ಮ ಸಿದ್ಧಾಂತದ ತಿರುಳು. ಹೊಸ ಆವೃತ್ತಿ ಬೇಕಾಗಿರುವುದು ಬಳಸುವುದಕ್ಕಲ್ಲ, ರಿಪೇರಿ ಮಾಡುವುದಕ್ಕೆ. ನಂಬ್ಯಾಟ್ ಬಿಡುಗಡೆಯಾದಾಗ ಹೊರಗಿನಿಂದ ತಂದ ಡೆಬ್ ಎಂಬ ಸ್ಥಾಪನಾ ಫೈಲನ್ನು ಹಾಕಲು ಆಪ್ ಸೆಂಟರ್ ಒಪ್ಪಲಿಲ್ಲ, ಟರ್ಮಿನಲ್ಲಿಗೆ ಇಳಿಯಬೇಕಾಯಿತು. ಎಲ್ಲರೂ ಬೈದರು, ಯಾರೂ ದುಃಖಪಡಲಿಲ್ಲ. ಏನೂ ಕೆಡದಿದ್ದರೆ ಉಳಿಯುವುದು ಯಂತ್ರದ ವಿವರ ತೋರಿಸುವ ನಿಯೋಫೆಚ್ ಎಂಬ ತಂತ್ರಾಂಶ ಓಡಿಸಿ ಆವೃತ್ತಿಯ ಹೆಸರಿರುವ ಪರದೆಯ ಚಿತ್ರ ತೆಗೆಯುವುದೊಂದೇ. ಅದರ ಕರ್ತೃವೂ ಕೃಷಿಗೆ ಇಳಿದಿರುವುದಾಗಿ ಒಂದು ಸಾಲು ಬರೆದು, 2024ರಲ್ಲಿ ಆ ಯೋಜನೆಗೆ ಬೀಗ ಹಾಕಿದ. ಬೆಂಗಳೂರಿನ ಸಾಫ್ಟ್‌ವೇರ್ ವಿದ್ವಾಂಸರಿಗೆ ಈ ವಾನಪ್ರಸ್ಥ ಅಪರಿಚಿತವಲ್ಲ.

ಅನುಸರಿಸುವವರಲ್ಲಿ ಒಂದೇ ವಿನಂತಿ: ಡಿಸ್ಕ್ ಅಳಿಸುವ ಗುಂಡಿ ಒತ್ತುವ ಮುನ್ನ ಫೋಟೊಗಳನ್ನು ಇನ್ನೊಂದು ಕಡೆ ತೆಗೆದಿಡಿ. ಮದುವೆಯ ಫೋಟೊಗಳಿದ್ದರೆ ಎರಡು ಕಡೆ.